ಗಾಡಿಯ ಹೊಸ ಮೂತಿ

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದ್ದು ಅಪ್ಪನಿಗೆ ಕಾಣಲಿಲ್ಲವೋ, ಕಂಡರೂ ಲೆಕ್ಕಕ್ಕೆ ಹಿಡಿಯಲಿಲ್ಲವೋ?

ಅಕ್ಕಿ ತೊಳೆಯುತ್ತ ನಿಂತ ಗುಬ್ಬಿ ತನ್ನನ್ನೇ ಹೀಗೆ ಕೇಳಿಕೊಂಡಳು. ಲೆಕ್ಕಕ್ಕೆ ಹಿಡಿದಿರಲಿಲ್ಲವೆಂದರೆ ಅವಳಿಗೆ ಅಂಥ ಬೇಸರವೇನಿಲ್ಲ; ಆ ಮನೆಯಲ್ಲಿ ಅವಳ ತಲೆಯಾಟವನ್ನು ಲೆಕ್ಕಕ್ಕೆ ಹಿಡಿದವರು ಮೊದಲೇ ಕಡಿಮೆ. ಕಾಣಲೇ ಇಲ್ಲವೆಂದರೆ? ಅಲ್ಲಿಗೆ ಬಂದಾಗ ಕೈ ನಿಂತಿತು. ತೊಳೆದ ನೀರಿನ ಜೊತೆ ಒಂದು ಹಿಡಿ ಅಕ್ಕಿಯೂ ಬಚ್ಚಲಿಗೆ ಹರಿಯಿತು.

"ಬಚ್ಚಲ ಹೆಗ್ಗಣಕ್ಕೂ ಒಂದು ಪಾವು ಅಳೆದು ಹಾಕ್ತಿದೀಯೇನೆ?" ಎಂದಳು ಹೊಸ್ತಿಲ ಮೇಲೆ ಕೂತಿದ್ದ ಅಜ್ಜಿ.

ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ. ಹುಟ್ಟಿದಾಗ ಕೂಸು ಅಷ್ಟೇ ಇತ್ತಂತೆ. ಕೂಸು ಬೆಳೆಯಿತು, ಡಿಗ್ರಿಯನ್ನೂ ಮುಗಿಸಿತು. ಚಿಲಿಪಿಲಿ ಮಾತ್ರ ಬರಲಿಲ್ಲ. ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಉತ್ತರ ಗೊತ್ತಿದ್ದರೂ ಗಂಟಲು ದಾಟುತ್ತಿರಲಿಲ್ಲ. ಹಾಗಾಗಿ ಈಗ ಮನೆಯ ಮುಂದಿನ ಶೆಡ್ಡಿನಲ್ಲಿ, ಅಪ್ಪನ ವೆಲ್ಡಿಂಗಿಗೆ ಕಬ್ಬಿಣ ಹಿಡಿದು ನಿಲ್ಲುವುದೇ ಅವಳ ನೌಕರಿ.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಅದು ಅಪ್ಪನಿಗೆ ಕೆಲಸ ಕಲಿಸಿದ ಯಜಮಾನನಿಂದ ಬಂದದ್ದು. ಬೆಸುಗೆ ಹಾಕಿ, ಮೇಲಿನ ಕಿಟ್ಟವನ್ನು ಚೂಪು ಸುತ್ತಿಗೆಯಿಂದ ಕುಟ್ಟಿ ಉದುರಿಸಿದ ಮೇಲೆ ಮೊದಲು ನೋಡಬೇಕಾದವನು ಬೆಸೆದವನಲ್ಲ, ಹಿಡಿದುಕೊಂಡವನು. ಬೆಸೆದವನ ಕಣ್ಣಿನಲ್ಲಿ ಆ ಬೆಳಕು ಇನ್ನೂ ಕುಣಿಯುತ್ತಿರುತ್ತದೆ. ಮೇಲಾಗಿ ತನ್ನ ಕೂಸು ತನಗೆ ಚೆಂದವೇ. ಹಿಡಿದವನು ನೋಡಿ 'ಹಿಡೀತು' ಅಂದರೆ ಮಾತ್ರ ಕಬ್ಬಿಣದಿಂದ ಕೈ ಬಿಡಬಹುದು. ಗುಬ್ಬಿಗೆ ಆ ಒಂದು ಮಾತೂ ಭಾರ. ಅವಳು ತಲೆಯಾಡಿಸುತ್ತಿದ್ದಳು, ಅಪ್ಪ ನೋಡಿಕೊಳ್ಳುತ್ತಿದ್ದ. ವರ್ಷದಿಂದ ಹಾಗೇ ನಡೆದಿತ್ತು.

ನಿನ್ನೆ ಒಂದು ಗೇಟಿನ ಕೀಲು. ಬೆಸುಗೆ ಪಕ್ಕಕ್ಕೆ ಸರಿದಿತ್ತು. ಅವಳು ಅಡ್ಡಡ್ಡ ತಲೆಯಾಡಿಸಿದಳು. ಅಪ್ಪ ಅವಳ ಕಡೆಗೇ ಮುಖ ಮಾಡಿ, "ಹ್ಞಾ, ಬಿಡು" ಎಂದು ಎದ್ದು ಹೋದ. ಸಂಜೆ ಅಣ್ಣ ಗೇಟನ್ನು ಎತ್ತಿದಾಗ ಕೀಲು ಅವನ ಕೈಯಲ್ಲೇ ಉಳಿಯಿತು.

"ನೋಡಿ ಹೇಳೋಕೆ ಏನು ರೋಗ ನಿಂಗೆ? ಬಾಯಲ್ಲಿ ನಿಧಿ ಹೂತಿಟ್ಟಿದೀಯಾ?" ಎಂದು ಅಣ್ಣ ಅವಳನ್ನೇ ಬೈದ. ಅವಳು ಅದಕ್ಕೂ ತಲೆಯಾಡಿಸಿದಳು.

*

ಮಾರನೆಯ ವಾರ ಸ್ಟಿಯರಿಂಗ್ ಮೇಡಂ ಬಂದರು. ವೃತ್ತದ ಬಳಿ ಡ್ರೈವಿಂಗ್ ಶಾಲೆ ನಡೆಸುವ ಹೆಂಗಸು. ಅರ್ಧ ಊರಿಗೆ ಗಾಡಿ ಕಲಿಸಿದವರು, ಉಳಿದರ್ಧ ಊರನ್ನು ರಸ್ತೆಯಲ್ಲಿ ಬೈದವರು. ರಜೆ ಬಂತೆಂದರೆ ಗಂಡನನ್ನು ಕೂರಿಸಿಕೊಂಡು ಕಲ್ಲು, ಕೆಸರು, ಹಳ್ಳದಲ್ಲಿ ಗಾಡಿ ಹತ್ತಿಸುವ ಪಂದ್ಯಕ್ಕೆ ಹೊರಡುತ್ತಿದ್ದರು. ಅಂಥದೊಂದು ಗಾಡಿಯನ್ನೇ ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಮುಂದಿನ ಬಂಪರ್ ಜಜ್ಜಿಹೋಗಿ ಹಲ್ಲುದುರಿದ ಮುದುಕನ ಹಾಗಿತ್ತು.

"ನೋಡಿ ಯಜಮಾನ್ರೇ, ಬಂಡೆ ಹತ್ತೋಕೆ ಹೋದ್ರೆ ಚಕ್ರಕ್ಕಿಂತ ಮುಂಚೆ ಮೂತಿ ಹೋಗಿ ತಗುಲುತ್ತೆ. ಆ ಮೂತಿ ನಂಗೆ ಬೇಡ. ಪೂರಾ ಕತ್ತರಿಸಿ ಬಿಸಾಕಿ. ಪೈಪಲ್ಲೇ ಹೊಸದು ಕಟ್ಟಿ. ಮೋಟಾಗಿರಲಿ, ಮೇಲಕ್ಕೆ ಎತ್ತಿರಲಿ. ರೇಡಿಯೇಟರ್ ಒಳಗೆ ಭದ್ರವಾಗಿ ಕೂರಬೇಕು. ಕೆಳಗಿನ ಅಡ್ಡ ಪೈಪಿನ ಮೇಲೆ ವಿಂಚ್ ಬರುತ್ತೆ."

ವಿಂಚ್ ಎಂದರೇನೆಂದು ಅಜ್ಜಿ ಕೇಳಿದಳು. ಗಾಡಿ ಹೂತುಕೊಂಡಾಗ ಉಕ್ಕಿನ ಹಗ್ಗವನ್ನು ಮುಂದಿನ ಮರಕ್ಕೋ ಬಂಡೆಗೋ ಕಟ್ಟಿ, ಆ ಯಂತ್ರದಿಂದ ಸುತ್ತುತ್ತ ಗಾಡಿ ತನ್ನನ್ನೇ ತಾನು ಎಳೆದುಕೊಳ್ಳುವುದು ಎಂದು ಮೇಡಂ ವಿವರಿಸಿದರು.

"ಇಡೀ ಗಾಡಿ ಭಾರ ಅದೊಂದರ ಮೇಲೆ ಜೋತಾಡ್ತಿರುತ್ತೆ ಅಜ್ಜಿ. ನಾನು ಒಳಗಿರ್ತೀನಿ, ನಂಗೆ ಚಕ್ರದ ಮುಂದೆ ಏನಿದೆ ಕಾಣಲ್ಲ. ಇವರು ಮುಂದೆ ನಿಂತು ಎಡಕ್ಕೆ ಬಲಕ್ಕೆ ಅಂತ ಕೈ ತೋರಿಸ್ತಾರೆ. ವಿಂಚ್ ಕಿತ್ಕೊಂಡು ಹಾರಿದ್ರೆ ಮೊದಲು ಸಿಗೋದು ಇವರೇ."

"ಮದುವೆ ಆದಾಗಿಂದ ಮುಂದೇನೇ ನಿಂತಿದೀನಿ. ಇನ್ನೂ ಜೀವಂತ ಇದೀನಿ" ಎಂದರು ಮೇಡಂ ಗಂಡ. ತೆಳ್ಳಗಿನ ಮನುಷ್ಯ. ಹೇಳಿ ತಾವೇ ನಾಚಿಕೊಂಡವರಂತೆ ಗುಬ್ಬಿಯತ್ತ ನೋಡಿದರು. ತನ್ನ ಹಾಗೇ ಕಡಿಮೆ ಮಾತಿನವರು ಎನ್ನಿಸಿ ಅವಳಿಗೆ ಅವರು ಹಿಡಿಸಿದರು.

ಅಣ್ಣನ ಮುಖ ಅರಳಿತ್ತು. ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕಿನ ಕಾಲು ಬಿಟ್ಟರೆ ಆ ಶೆಡ್ಡಿನಿಂದ ಬೇರೇನೂ ಹೊರಬಿದ್ದಿರಲಿಲ್ಲ. ಅವರು ಹೋದ ಮೇಲೆ ಊಟಕ್ಕೆ ಕೂತಾಗಲೂ ಅವನಿಗೆ ಅದೇ ಧ್ಯಾನ.

"ಇದೊಂದು ಎದ್ದು ನಿಂತ್ರೆ ಆ ಪಂದ್ಯದ ಗಾಡಿಗಳೆಲ್ಲ ನಮ್ಮ ಬಾಗಿಲಿಗೇ ಬರ್ತವೆ. ಇನ್ನೆಷ್ಟು ದಿನ ಗೇಟು ಮಾಡ್ಕೊಂಡು ಕೂರೋದು?"

"ಗೇಟು ಮಾಡಿದ ಕೈಯೇ ನಿನಗೆ ಅನ್ನ ಹಾಕಿದ್ದು" ಎಂದ ಅಪ್ಪ.

"ಅಲ್ಲ ಅಂದ್ನಾ? ಈ ಸಲ ಬೆಸುಗೆ ನಾನು ಹಾಕ್ತೀನಿ ಅಂತಷ್ಟೇ."

"ಪೈಪ್ ಬಗ್ಗಿಸು. ಉಜ್ಜು. ಬಣ್ಣ ಬಳಿ. ಬೆಸುಗೆ ಕಡ್ಡಿ ಹಿಡಿಯೋ ಹೋಲ್ಡರ್ ಮುಟ್ಟಬೇಡ."

"ಮುಟ್ಟಬೇಡ, ಮುಟ್ಟಬೇಡ! ಮುಟ್ಟದೇ ಕಲಿಯೋದು ಹೆಂಗೆ?"

"ನಾನು ಸತ್ತ ಮೇಲೆ ಕಲಿ."

"ಬಡಿಸಿದ್ದು ತಣ್ಣಗಾಗ್ತಿದೆ" ಎಂದಳು ಅಮ್ಮ. ಆ ಮನೆಯಲ್ಲಿ ಎಲ್ಲ ಜಗಳಕ್ಕೂ ಅವಳು ಹಾಕುತ್ತಿದ್ದ ಮುಚ್ಚಳ ಅದು.

ಅಂದು ಮೀನು ಮಾಡಿದ್ದಳು. ಎಲ್ಲರ ತಟ್ಟೆಗೂ ತುಂಡು ಬಿತ್ತು. ಅಪ್ಪನ ತಟ್ಟೆಗೆ ಮಾತ್ರ, ಒಳಗೇ ಮುಳ್ಳು ಬಿಡಿಸಿ, ಪುಡಿ ಮಾಡಿದ ಮೀನನ್ನು ಅನ್ನದ ಬಲಗಡೆಗೆ ಇಟ್ಟಳು.

"ನೋಡ್ರಪ್ಪ ನ್ಯಾಯ" ಎಂದಳು ಅಜ್ಜಿ. "ಹಲ್ಲಿಲ್ಲದ ನಂಗೆ ಮುಳ್ಳು. ಹಲ್ಲಿರೋ ಮಗನಿಗೆ ಬಿಡಿಸಿದ ಮೀನು. ಇನ್ನೇನು ತೊಟ್ಟಿಲೂ ಕಟ್ಟಿಬಿಡು ಸೊಸೆ."

ಅಮ್ಮ ನಗಲಿಲ್ಲ. ಸುಮ್ಮನೆ ಅಜ್ಜಿಯ ತಟ್ಟೆಯನ್ನೂ ಎಳೆದುಕೊಂಡು ಮುಳ್ಳು ಬಿಡಿಸತೊಡಗಿದಳು. ಅಪ್ಪ ತಲೆಯನ್ನು ಕೊಂಚ ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ ತಟ್ಟೆಯ ಅಂಚನ್ನು ನೋಡುತ್ತ ಉಣ್ಣುತ್ತಿದ್ದ. ಯಾವಾಗಿನಿಂದ ಹೀಗೆ ನೋಡುತ್ತಿದ್ದಾನೆ? ಗುಬ್ಬಿಗೆ ನೆನಪಾಗಲಿಲ್ಲ. ನೆನಪಾಗದಷ್ಟು ಹಿಂದಿನಿಂದ ಎಂದುಕೊಂಡು ಅವಳು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

*

ಹಳೆಯ ಮೂತಿ ಕತ್ತರಿಸುವುದಕ್ಕೆ ಎರಡು ದಿನ ಹಿಡಿಯಿತು. ಅಣ್ಣ ಕಟ್ಟರ್ ಹಿಡಿದು, ಚೌಕಟ್ಟಿನ ಎರಡು ತೊಲೆಗಳನ್ನು ಚಕ್ರದ ಮುಂದಕ್ಕೇ ಕಡಿದು ಹಾಕಿದ. ಬಂಪರು, ಮಡ್‌ಗಾರ್ಡು, ದೀಪಗಳೆಲ್ಲ ಗೋಡೆಗೆ ಒರಗಿದವು. ರೇಡಿಯೇಟರನ್ನು ಬಿಚ್ಚಿ ಒಳಗಿಟ್ಟರು. ಗಾಡಿ ಬರೀ ಗಂಟಲು ತೋರಿಸಿಕೊಂಡು ಬೋಳು ಬೋಳಾಗಿ ನಿಂತಿತು.

"ಇದನ್ನ ನೋಡಿ ನಂಗೆ ನಿನ್ನ ಅಜ್ಜನ ನೆನಪು ಬರ್ತದೆ" ಎಂದಳು ಅಜ್ಜಿ. "ದವಡೆ ಬಿಚ್ಚಿಟ್ರೆ ಹಿಂಗೇ ಕಾಣೋನು."

ಆಮೇಲಿನದು ಗುಬ್ಬಿಯ ಕೆಲಸ. ಒಂದು ಪೈಪಿನ ತುದಿ ಇನ್ನೊಂದರ ಉರುಟು ಬೆನ್ನಿಗೆ ಸಂದಿಲ್ಲದೆ ಕೂರಬೇಕಾದರೆ ಆ ತುದಿಯನ್ನು ಬಾಗಿದ ಬಟ್ಟಲಿನಂತೆ ಕಡಿಯಬೇಕು. ಅದಕ್ಕೆ 'ಬಾಯಿ ತೆಗೆಯೋದು' ಎನ್ನುತ್ತಿದ್ದರು. ಅವಳು ದಪ್ಪ ಕಾಗದದ ಮೇಲೆ ಆ ವಕ್ರ ಗೆರೆ ಎಳೆದು, ಕತ್ತರಿಸಿ, ಪೈಪಿಗೆ ಸುತ್ತಿ ಗುರುತು ಹಾಕಿಕೊಡುತ್ತಿದ್ದಳು. ಅಣ್ಣ ಗ್ರೈಂಡರಿನಲ್ಲಿ ಕಡಿದು ತಂದು ಇಟ್ಟರೆ ಕೂದಲೂ ತೂರದಂತೆ ಕೂರುತ್ತಿತ್ತು.

"ತನ್ನ ಬಾಯಿ ತೆಗೆಯೋಕೆ ಬರಲ್ಲ, ಪೈಪಿಗೆ ಎಷ್ಟು ಚೆಂದ ತೆಗೀತಾಳೆ ನೋಡು" ಎಂದು ಅಣ್ಣ ನಕ್ಕ. ಆ ದಿನಗಳಲ್ಲಿ ಅವನು ಖುಷಿಯಾಗಿದ್ದ. ಬಗ್ಗಿಸುವ ಯಂತ್ರದ ಉದ್ದ ಹಿಡಿಕೆಗೆ ಜೋತುಬಿದ್ದು ಪೈಪುಗಳನ್ನು ಬಗ್ಗಿಸುತ್ತ ಶಿಳ್ಳೆ ಹಾಕುತ್ತಿದ್ದ. ಎರಡೂ ಬದಿಯಲ್ಲಿ ಒಂದೊಂದು ಕಮಾನು ಎದ್ದು, ಅವಕ್ಕೆ ಅಡ್ಡ ಪೈಪು, ಓರೆ ಪೈಪು ಕೂಡಿದಂತೆ ಹೊಸ ಮೂತಿ ಕಣ್ಣಮುಂದೆ ಮೈತಳೆಯಿತು. ಮೇಡಂ ಕಳಿಸಿದ ಮುಂಗಡವೆಲ್ಲ ಆ ಪೈಪಿಗೂ ಶೆಡ್ಡಿನ ತಗಡಿಗೂ ಮುಗಿದಿತ್ತು.

ಮೇಲಿನ ಜಾಯಿಂಟುಗಳಲ್ಲಿ ಅಪ್ಪನ ಕೆಲಸ ನೋಡಿ ಗುಬ್ಬಿಯ ಭಯ ಅರ್ಧ ಇಳಿಯಿತು. ಅವನು ಎಡಗೈಯ ಬೆರಳಿನಿಂದ ಸಂದನ್ನು ತಡವಿ, ಬೆರಳು ಎಲ್ಲಿದೆಯೋ ಅಲ್ಲಿಗೇ ಕಡ್ಡಿಯ ತುದಿ ತಂದು, ಬೆರಳು ತೆಗೆದ ಕ್ಷಣಕ್ಕೆ ಕಿಡಿ ಹಚ್ಚುತ್ತಿದ್ದ. ಮೀನಿನ ಹುರುಪೆಯಂತೆ ಸಾಲು ಸಾಲಾಗಿ ಬೆಸುಗೆ ಬೀಳುತ್ತಿತ್ತು. "ಹಿಡೀತಾ?" ಎಂದರೆ ಅವಳು ಮೆಲ್ಲಗೆ, "ಹ್ಞೂಂ" ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು.

ಕೆಳಗಿನ ಅಡ್ಡ ಪೈಪಿಗೆ ಆ ಉಪಾಯ ನಡೆಯಲಿಲ್ಲ. ಅದನ್ನು ಗಾಡಿಯ ಕೆಳಗೆ ಅಂಗಾತ ಮಲಗಿ, ಒಂದು ಕೈಯಲ್ಲಿ ಮುಖಗವಸು, ಒಂದು ಕೈಯಲ್ಲಿ ಹೋಲ್ಡರ್ ಹಿಡಿದು ಮಾಡಬೇಕು. ತಡವಲು ಮೂರನೆಯ ಕೈ ಇಲ್ಲ. ಗುಬ್ಬಿ ಪಕ್ಕದಲ್ಲಿ ಮಂಡಿಯೂರಿ ಪೈಪು ಹಿಡಿದಿದ್ದಳು. ನೀಲಿ ಬೆಳಕು ಮುಗಿಯಿತು. ಕಿಟ್ಟ ಉದುರಿತು. ಅವಳು ಬಗ್ಗಿ ನೋಡಿದಳು.

ಬೆಸುಗೆ ಚೆಂದವಾಗಿಯೇ ಇತ್ತು, ಹುರುಪೆ ಹುರುಪೆಯಾಗಿ. ಆದರೆ ಸಂದಿನ ಮೇಲಿರಲಿಲ್ಲ. ಸಂದಿನಿಂದ ಅರ್ಧ ಬೆರಳು ಆಚೆಗೆ, ಒಂದೇ ಪೈಪಿನ ಮೈಮೇಲೆ, ಹಾದಿ ತಪ್ಪಿದ ಇರುವೆ ಸಾಲಿನಂತೆ ಹರಿದುಹೋಗಿತ್ತು. ಒಂದು ಕೊನೆಯಲ್ಲಿ ಮಾತ್ರ ಎರಡನ್ನೂ ಕಚ್ಚಿತ್ತು.

ಅಪ್ಪ ಗವಸು ಸರಿಸಿದ. ಮುಖದ ತುಂಬ ಬೆವರು, ಹುಬ್ಬಿನ ಮೇಲೆ ಬೂದಿ. ಅವಳ ಮುಖವಿರುವ ಕಡೆಗಿಂತ ಸ್ವಲ್ಪ ಈಚೆಗೆ ನೋಡುತ್ತ ನಕ್ಕ.

"ಹಿಡೀತಾ ಗುಬ್ಬಿ?"

ತಲೆಯಾಡಿಸಿದರೆ ಅವನಿಗೆ ಕಾಣುವುದಿಲ್ಲ. ಅದು ಈಗ ಅವಳಿಗೆ ಖಚಿತವಾಗಿ ಗೊತ್ತಿತ್ತು. ಬಾಯಿಬಿಟ್ಟು ಇಲ್ಲವೆನ್ನಬೇಕು. ಇಲ್ಲವೆಂದರೆ ಯಾಕೆ ಎಂದು ಕೇಳುತ್ತಾನೆ.

"ಹಿಡೀತು" ಎಂದಳು. ದನಿ ಶೆಡ್ಡಿನ ತಗಡಿಗೆ ತಾಗುವಷ್ಟು ಸ್ಪಷ್ಟವಾಗಿ ಬಂತು.

"ಅಬ್ಬಬ್ಬಾ!" ಎಂದು ಅಪ್ಪ ಮಲಗಿದಲ್ಲಿಂದಲೇ ಕೂಗಿದ. "ಏ ಅಮ್ಮಾ, ಕೇಳಿಸ್ತೇನೇ? ಗುಬ್ಬಿಗೆ ದನಿ ಬಂತು!"

"ಕೇಳಿಸ್ತು, ಕೇಳಿಸ್ತು" ಎಂದಳು ಅಜ್ಜಿ. "ಇನ್ನು ಹಿಡಿಯೋರಿಲ್ಲ."

*

ಆ ವಾರದ ಕೊನೆಯಲ್ಲಿ ಅಪ್ಪನ ಕೈ ಸುಟ್ಟಿತು. ಇಕ್ಕಳವೆಂದು ಆಗಷ್ಟೇ ಬೆಸೆದಿಟ್ಟ ಪೈಪಿನ ತುಂಡನ್ನು ಹಿಡಿದಿದ್ದ. ಚರ್ಮದ ವಾಸನೆ ಅಡುಗೆಮನೆಯವರೆಗೆ ಬಂತು. ಅಮ್ಮ ನೀರಿನ ಕೊಡ ಹೊತ್ತುಕೊಂಡೇ ಓಡಿದಳು.

"ಇಕ್ಕಳದ ಜಾಗ ಯಾರು ಬದಲಾಯಿಸಿದ್ದು?" ಎಂದು ಅಪ್ಪ ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಅಬ್ಬರಿಸಿದ. "ಇಟ್ಟ ವಸ್ತು ಇಟ್ಟಲ್ಲಿ ಇರಲ್ಲ ಈ ಮನೇಲಿ! ಅಮ್ಮಾ, ನೀನು ನಟ್ಟು ಬೋಲ್ಟು ಆರಿಸ್ತೀನಿ ಅಂತ ಎಲ್ಲ ಅಲ್ಲಾಡಿಸ್ತೀಯ!"

"ನಾನು ಹೊಸ್ತಿಲು ದಾಟಿದ್ರೆ ನನ್ನ ಕಾಲು ಮುರೀಲಿ" ಎಂದಳು ಅಜ್ಜಿ.

ಇಕ್ಕಳ ದಿನವೂ ಇರುವಲ್ಲೇ, ಮೊಳೆಗೆ ನೇತಾಡುತ್ತಿತ್ತು. ಅಣ್ಣ ಅದನ್ನು ನೋಡಿದ. ಗುಬ್ಬಿ ನೋಡಿದಳು. ಅಮ್ಮ ನೋಡಲಿಲ್ಲ, ಅವಳು ಮುಲಾಮು ಹಚ್ಚುತ್ತ, "ಮಗು ಆಡೋಕೆ ತಗೊಂಡಿರಬೇಕು" ಎಂದಳು. ಆ ಮನೆಯಲ್ಲಿ ಮಗುವೇ ಇರಲಿಲ್ಲ.

ಊಟದ ಹೊತ್ತಿಗೆ ಅಣ್ಣ ಬಾಯಿಬಿಟ್ಟ. "ಉಳಿದದ್ದು ನಾನು ಮುಗಿಸ್ತೀನಿ. ಕೈ ವಾಸಿಯಾಗೋ ತನಕ ಹೋಲ್ಡರ್ ನನಗೆ ಕೊಡು."

"ಸುಟ್ಟಿದ್ದು ಎಡಗೈ. ಬಲಗೈ ಇದೆ."

"ಹಟ ಯಾಕಪ್ಪ? ಮೂವತ್ತು ವರ್ಷ ಮಾಡಿದೀಯ. ಸಾಕು, ಕೂತ್ಕೋ."

ಅಪ್ಪ ತಟ್ಟೆ ಸರಿಸಿದ. ತಟ್ಟೆ ನೀರಿನ ಲೋಟಕ್ಕೆ ತಗುಲಿ, ನೀರು ಚೆಲ್ಲಿ ಎಲ್ಲರ ಕಾಲಬುಡಕ್ಕೆ ಹರಿಯಿತು. "ಕೂತ್ಕೋ! ಕೂತ್ಕೊಂಡು ಏನು ಮಾಡ್ಲಿ? ನಿಮ್ಮಜ್ಜಿ ಜೊತೆ ನಟ್ಟು ಆರಿಸ್ಲಾ? ಅಪ್ಪನ ಹೋಲ್ಡರ್ ಮೇಲೆ ಕಣ್ಣು ಮಗಂಗೆ. ಹೆಣ ಎತ್ತೋ ಮುಂಚೆ ಹಾಸಿಗೆ ಸುತ್ತೋ ಜಾತಿ."

"ಹೂಂ, ನಾನು ಹಾಸಿಗೆ ಸುತ್ತೋನು. ನೀನು ಕೆಲಸ ಕೆಡಿಸೋನು."

"ಏನು ಕೆಡಿಸಿದೀನೋ? ಹೇಳೋ! ಒಂದು ಜಾಯಿಂಟ್ ತೋರಿಸು! ಪ್ರತಿಯೊಂದನ್ನೂ ಗುಬ್ಬಿ ನೋಡಿ ಹಿಡೀತು ಅಂದಿದಾಳೆ. ಕೇಳು ಅವಳನ್ನ!"

ಅಣ್ಣ ತಂಗಿಯನ್ನು ನೋಡಿದ. ಅವಳು ಚೆಲ್ಲಿದ ನೀರನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

"ಬಡಿಸಿದ್ದು ತಣ್ಣಗಾಗ್ತಿದೆ" ಎಂದಳು ಅಮ್ಮ.

ಪಾತ್ರೆ ತೊಳೆಯುವಾಗ ಗುಬ್ಬಿ ಅಮ್ಮನ ಪಕ್ಕ ನಿಂತಳು. ಬೂದಿ ಹಚ್ಚಿದ ಪಾತ್ರೆ ಅವಳ ಕೈಗೆ ಬರುತ್ತಿತ್ತು, ಅವಳು ತೊಳೆದು ಮಗುಚುತ್ತಿದ್ದಳು.

"ಅಮ್ಮಾ, ಅಪ್ಪಂಗೆ…"

"ಹೇಳಬೇಡ." ಅಮ್ಮ ತಲೆ ಎತ್ತಲಿಲ್ಲ. "ನೀನು ಹೇಳಿದ್ರೆ ನಾನು ಕೇಳಿಸ್ಕೋಬೇಕಾಗುತ್ತೆ."

ಒಂದು ತಪ್ಪಲೆಯನ್ನು ಎಳೆದುಕೊಂಡು ಉಜ್ಜಿದಳು. ಆಮೇಲೆ ಅಮ್ಮನೇ, ತಪ್ಪಲೆಗೆ ಹೇಳುವವಳಂತೆ, ತಗ್ಗಿದ ದನಿಯಲ್ಲಿ ಹೇಳಿದಳು:

"ಕಣ್ಣಾಸ್ಪತ್ರೆಗೆ ಹೋಗಿದ್ವಿ. ನಿನ್ನ ಪರೀಕ್ಷೆ ನಡೀತಿತ್ತಲ್ಲ, ಆವಾಗ. ನಡುವಿನ ನೋಟ ಸುಟ್ಟುಹೋಗಿದೆ, ಅಂಚಲ್ಲಷ್ಟೇ ಉಳಿದಿದೆ ಅಂದ್ರು. ಇನ್ನು ಬರಲ್ವಂತೆ. ಯಾರಿಗೂ ಹೇಳಕೂಡದು ಅಂತ ನಿಮ್ಮಪ್ಪ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ. ಆ ಹೋಲ್ಡರ್ ಕೈಯಿಂದ ಹೋದ ದಿನ ನಿಮ್ಮಪ್ಪ ಎದ್ದು ಕೂರಲ್ಲ ಗುಬ್ಬಿ. ನಂಗೊತ್ತು."

"ಮುಂದೆ ಮೇಡಂ ಯಜಮಾನ್ರು ನಿಂತಿರ್ತಾರಮ್ಮ."

"ಅವರಿಗೆ ಅವರ ಹೆಂಡತಿ ಇದಾಳೆ. ನಂಗೆ ನನ್ನ ಗಂಡ."

ಅಂದು ಅಮ್ಮ ತೊಳೆದ ಪಾತ್ರೆಗಳನ್ನೆಲ್ಲ ತಾನೇ ಎತ್ತಿಟ್ಟಳು. ಲೋಟ ಲೋಟದ ಜಾಗಕ್ಕೆ, ಚಮಚ ಚಮಚದ ಜಾಗಕ್ಕೆ, ಒಂದು ಬೆರಳೂ ಆಚೀಚೆಯಾಗದಂತೆ. ಆ ಅಚ್ಚುಕಟ್ಟನ್ನು ಗುಬ್ಬಿ ಇಷ್ಟು ದಿನ ಅಮ್ಮನ ಸ್ವಭಾವವೆಂದು ತಿಳಿದಿದ್ದಳು.

*

ಅಣ್ಣನಿಗೂ ಗೊತ್ತಿತ್ತು. ಬೆಸುಗೆಗಳನ್ನು ಉಜ್ಜುವವನು ಅವನು. ಗ್ರೈಂಡರ್ ಸುಳ್ಳು ಹೇಳುವುದಿಲ್ಲ. ಒಂದು ಮಧ್ಯಾಹ್ನ ಗುಬ್ಬಿ ಚಹಾ ತಂದಾಗ ಅವನು ಗಾಡಿಯ ಕೆಳಗಿದ್ದ. ಪಕ್ಕದಲ್ಲಿ ಲಪ್ಪದ ಡಬ್ಬಿ ತೆರೆದಿತ್ತು, ತುಕ್ಕು ತಿಂದ ತೂತುಗಳಿಗೆ ಮೆತ್ತುವ ಲಪ್ಪ. ಕೆಳಗಿನ ಅಡ್ಡ ಪೈಪಿನ ಸಂದಿಗೆ ಅದನ್ನು ಬೆರಳಿನಿಂದ ತುಂಬಿ ನಯ ಮಾಡುತ್ತಿದ್ದ.

"ಅಣ್ಣಾ."

ಅವನು ಬೆಚ್ಚಿದ. ಆಮೇಲೆ, "ನೀನಾ" ಎಂದು ಮತ್ತೆ ಕೆಲಸಕ್ಕೆ ತೊಡಗಿದ. "ಹಿಡೀತು ಅಂದವಳು ನೀನೇ ಅಲ್ವಾ? ಈಗೇನು ನೋಡ್ತೀಯ?"

"ಕಡಿದು ಮತ್ತೆ ಬೆಸೀಬಹುದಲ್ಲ?"

"ಯಾರು ಬೆಸೀತಾರೆ? ಅಪ್ಪನಾ?" ಅವನು ಹೊರಗೆ ತೆವಳಿ ಬಂದು ಕೂತ. ಚಹಾ ತೆಗೆದುಕೊಳ್ಳಲಿಲ್ಲ. "ನನಗೆ ಕಲಿಸಿದ್ದು ಕಿಟಕಿ ಸರಳು ಅಂಟಿಸೋಕೆ. ಇಂಥದಕ್ಕಲ್ಲ. ಅದೂ ಅಪ್ಪ ಇಲ್ಲೇ ಬೀಡುಬಿಟ್ಟಿರ್ತಾನೆ. ಕಡಿಯೋ ಸದ್ದು ಕೇಳಿದ್ರೇ ಯಾವ ಜಾಯಿಂಟು ಅಂತ ಗೊತ್ತಾಗುತ್ತೆ ಅವನಿಗೆ. ಅಪ್ಪನ ಬೆಸುಗೆ ನಾನು ಕಡಿದ್ರೆ ಆಮೇಲೆ ಈ ಮನೇಲಿ ಒಟ್ಟಿಗೆ ಕೂತು ಉಣ್ಣೋಕೆ ಆಗುತ್ತಾ?"

"ವಿಂಚ್ ಅದರ ಮೇಲೇ ಕೂರೋದು."

"ಮೇಲಿನವು ಗಟ್ಟಿ ಇದಾವೆ. ಅವೇ ಎಳ್ಕೊಳ್ತವೆ. ಮೊದಲನೇ ಪಂದ್ಯ ಮುಗೀಲಿ, ಏನೋ ನೆವ ಹೇಳಿ ಗಾಡಿ ವಾಪಸ್ ತರಿಸ್ಕೊಂಡು ಸರಿ ಮಾಡ್ತೀನಿ. ನೀನು ಇಷ್ಟು ದಿನ ಸುಮ್ನಿದ್ದೆಯಲ್ಲ, ಇನ್ನು ಸ್ವಲ್ಪ ದಿನ ಇರು. ಅದೊಂದು ನಿಂಗೆ ಚೆನ್ನಾಗಿ ಬರುತ್ತೆ."

ಮೂರು ದಿನ ಕಪ್ಪು ಬಣ್ಣ ಬಳಿದರು. ರೇಡಿಯೇಟರ್ ಒಳಗೆ ಕೂತಿತು, ದೀಪಗಳು ಕಮಾನಿನ ನಡುವೆ ಬಂದವು, ವಿಂಚನ್ನು ಅಣ್ಣ ಬೋಲ್ಟು ಹಾಕಿ ಬಿಗಿದ. ಬೀದಿಯ ಜನ ನಿಂತು ನೋಡಿ ಹೋಗುವಂತಾಯಿತು. ಅಪ್ಪ ಆ ಮೂತಿಯನ್ನು ಎರಡೂ ಅಂಗೈಯಿಂದ ಸವರುತ್ತ ಒಂದು ಸುತ್ತು ಬಂದ, ಕುದುರೆಯ ಮುಖ ಸವರುವವನ ಹಾಗೆ.

"ಮೂವತ್ತು ವರ್ಷದಲ್ಲಿ ಇಂಥದ್ದು ಮಾಡಿರಲಿಲ್ಲ ಕಣೇ" ಎಂದ ಅಮ್ಮನಿಗೆ. ಅಮ್ಮ ಅತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನಿಗೆ ಅದು ಕಾಣಲಿಲ್ಲ.

ಗಾಡಿ ಒಯ್ಯುವ ಹಿಂದಿನ ದಿನ ಅಣ್ಣ ಉಕ್ಕಿನ ಹಗ್ಗವನ್ನು ಅಂಗಳದ ಕಲ್ಲುಕಂಬಕ್ಕೆ ಕಟ್ಟಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ವಿಂಚ್ ತಿರುಗಿಸಿದ. ಹಗ್ಗ ಬಿಗಿಯಿತು. ಗಾಡಿ ಮುಂದಕ್ಕೆ ಬಗ್ಗಿತು. ಎಲ್ಲೋ ಒಳಗೆ, ಹಳೆ ಮಂಚದಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ, ಒಂದು ಸಣ್ಣ ಕಿರ್ ಎಂಬ ಸದ್ದು.

ಅಪ್ಪ ಥಟ್ಟನೆ ತಲೆ ಎತ್ತಿದ. "ಏನದು?"

"ಹಗ್ಗ" ಎಂದ ಅಣ್ಣ.

"ಹಗ್ಗ ಹಂಗೆ ಕೂಗಲ್ಲ."

"ಹೊಸ ಹಗ್ಗಪ್ಪ. ಕೂಗುತ್ತೆ."

ಅಪ್ಪ ತುಂಬ ಹೊತ್ತು ಆ ಕಡೆಗೇ ಕಿವಿ ಕೊಟ್ಟು ನಿಂತಿದ್ದ. ಗುಬ್ಬಿ ಬಗ್ಗಿ ನೋಡಿದಳು. ಕೆಳಗಿನ ಜಾಯಿಂಟಿನ ಕಪ್ಪು ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು, ಅದರೊಳಗೆ ಲಪ್ಪದ ಬಿಳಿ. ಅಣ್ಣ ಬ್ರಷ್ ತಂದು ಅದರ ಮೇಲೆ ಒಂದು ಗೆರೆ ಎಳೆದ. ಬಿರುಕು ಹೋಯಿತು.

ಅಂದು ಅವಳು ಅಜ್ಜಿಯ ಕಾಲು ಒತ್ತುತ್ತ ಕೂತಿದ್ದಳು. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಏನೋ ನುಂಗ್ತಾ ಇದೀಯ. ಕೈಯಲ್ಲಿ ಗೊತ್ತಾಗ್ತಿದೆ" ಎಂದಳು.

"ಏನಿಲ್ಲ ಅಜ್ಜಿ."

"ಬಾಯಿ ಬಿಟ್ರೆ ಬಣ್ಣಗೇಡು ಅಂತಾರೆ. ಅದು ಬಣ್ಣ ಬಳ್ಕೊಂಡೋರ ಮಾತು ಕಣೇ." ಅಜ್ಜಿ ಮಗ್ಗುಲಾದಳು. "ನಿನ್ನಪ್ಪ ನನ್ನ ಹೊಟ್ಟೇಲಿ ಹುಟ್ಟಿದೋನು. ಅವನು ತಟ್ಟೇನ ಹುಡುಕೋದು ನಂಗೆ ಕಾಣಲ್ವಾ? ನಾನೂ ನುಂಗ್ತಾನೇ ಇದೀನಿ. ಹಲ್ಲಿಲ್ಲ, ಅದಕ್ಕೆ ಬೇಗ ಇಳಿಯುತ್ತೆ."

ಹಾಗಾದರೆ ಎಲ್ಲರಿಗೂ ಗೊತ್ತು. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಕೂತು ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದರು.

*

ಬೆಳಗ್ಗೆ ಮೇಡಂ ಬಂದರು. ಗಾಡಿಯನ್ನು ನೋಡಿ ಅಂಗಳದ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ, ಇದೇನ್ರೀ ಇದು! ಮುದುಕನ್ನ ಬಿಟ್ಟು ಹೋಗಿದ್ದೆ, ಮದುಮಗನ್ನ ಮಾಡಿದೀರಲ್ಲ!" ಕೂತು, ಬಗ್ಗಿ, ಪೈಪುಗಳನ್ನು ಅಲ್ಲಾಡಿಸಿ ನೋಡಿದರು. "ಈ ಕಮಾನು ಯಾರು ಬಗ್ಗಿಸಿದ್ದು?"

"ನಾನು" ಎಂದ ಅಣ್ಣ. ಅವನ ಕಿವಿ ಕೆಂಪಾಯಿತು.

"ಮುಂದಿನ ಭಾನುವಾರ ಪಂದ್ಯ. ಈ ಸಲ ಕಲ್ಲುಗಣಿ ಇಳಿಜಾರು, ಗೋಡೆ ಥರ ಇದೆ. ಅರ್ಧ ದಾರಿ ವಿಂಚ್ ಮೇಲೇ ಹತ್ತಬೇಕು. ನಮ್ಮೋರೆಲ್ಲ ಬರ್ತಾರೆ. ಇದನ್ನ ನೋಡಿದ್ರೆ ನಿಮ್ಮ ಶೆಡ್ಡಲ್ಲಿ ನಿಲ್ಲೋಕೆ ಜಾಗ ಇರಲ್ಲ, ನೋಡ್ತಿರಿ."

ಅಮ್ಮ ಚಹಾ ತಂದಳು. ಎಲ್ಲರಿಗೂ ತಟ್ಟೆಯಲ್ಲಿ ಕೊಟ್ಟು, ಅಪ್ಪನ ಲೋಟವನ್ನು ಮಾತ್ರ ಅವನ ಕೈಗೇ ಹಿಡಿಸಿದಳು. ಮೇಡಂ ಚಾಲಕನ ಸೀಟಿಗೆ ಹತ್ತಿ ಇಂಜಿನ್ ಚಾಲೂ ಮಾಡಿದರು. ಶೆಡ್ಡಿನ ತಗಡು ನಡುಗಿತು. ಅವರ ಗಂಡ ಅರ್ಧ ಕುಡಿದ ಲೋಟವನ್ನು ಕಲ್ಲುಕಂಬದ ಮೇಲಿಟ್ಟು, ಅಭ್ಯಾಸದಂತೆ ಗಾಡಿಯ ಮುಂದೆ ಹೋಗಿ ನಿಂತರು. ವಿಂಚಿನಿಂದ ಎರಡು ಮಾರು ದೂರ, ಸರಿಯಾಗಿ ಮುಂದೆ. ಎರಡೂ ಕೈ ಎತ್ತಿ, ಬಾ ಎಂದು ಬೆರಳಾಡಿಸಿದರು. ಅವರ ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದಿತ್ತು; ಯಾರೋ ಅವಸರದಲ್ಲಿ ಹೊಲಿದುಕೊಟ್ಟದ್ದು.

ಗುಬ್ಬಿ ಆ ಗುಂಡಿಯನ್ನೇ ನೋಡುತ್ತಿದ್ದಳು.

"ಯಜಮಾನ್ರೇ," ಇಂಜಿನ್ ಸದ್ದಿನ ಮೇಲೆ ಮೇಡಂ ಕೂಗಿದರು, "ಕೆಳಗಿನದೂ ಗಟ್ಟಿ ತಾನೆ?"

"ನನ್ನನ್ನ ಕೇಳಬೇಡಿ ಮೇಡಂ" ಎಂದ ಅಪ್ಪ ಎದೆ ಸೆಟೆಸಿ. "ನಮ್ಮ ಶೆಡ್ಡಲ್ಲಿ ಬೆಸೆದೋನ ಮಾತು ನಡಿಯಲ್ಲ, ಹಿಡಿದೋರ ಮಾತು. ಎಲ್ಲ ನನ್ನ ಮಗಳು ನೋಡಿ ಹಿಡೀತು ಅಂದ ಮೇಲೇ ಬಿಟ್ಟಿರೋದು. ಅವಳನ್ನೇ ಕೇಳಿ."

"ಹೌದೇನಮ್ಮ? ಹಿಡಿದಿದೆಯಾ?"

ಎಲ್ಲರೂ ಅವಳತ್ತ ತಿರುಗಿದರು. ಅಣ್ಣ ಕಣ್ಣಿನಲ್ಲೇ ಬೇಡಿಕೊಂಡ. ಅಮ್ಮ ಖಾಲಿ ತಟ್ಟೆಯನ್ನು ಎದೆಗವಚಿಕೊಂಡಳು. ಗುಬ್ಬಿ ಅಡ್ಡಡ್ಡ ತಲೆಯಾಡಿಸಿದಳು. ಸಣ್ಣಗೆ, ಎಂದಿನ ಹಾಗೆ.

ಮೇಡಂ ಕೈ ಸ್ಟಿಯರಿಂಗ್ ಮೇಲೆ ನಿಂತಿತು. ಅವರು ಇಂಜಿನ್ ಆರಿಸಿದರು. ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದ್ದು ಕೇಳಿಸಿತು.

"ಹೇಳಮ್ಮ ಗುಬ್ಬಿ" ಎಂದ ಅಪ್ಪ, ಅವಳು ನಿಂತ ಜಾಗಕ್ಕಿಂತ ಸ್ವಲ್ಪ ಈಚೆಗೆ ನೋ‌ಡಿ ನಗುತ್ತ. "ಯಾಕೆ ಸುಮ್ನಿದೀಯ? ಅವತ್ತು ಎಷ್ಟು ಜೋರಾಗಿ ಹೇಳಿದ್ದೆ. ಹೇಳು."

"ಹಿಡಿದಿಲ್ಲ" ಎಂದಳು.

"ಏನು?"

"ಕೆಳಗಿನದು ಹಿಡಿದಿಲ್ಲಪ್ಪ. ಒಳಗೆ ಲಪ್ಪ ಇದೆ."

"ಗುಬ್ಬೀ!" ಎಂದ ಅಣ್ಣ.

ಅಪ್ಪನ ನಗು ಹೋಗಲಿಲ್ಲ; ಇನ್ನೂ ಅರ್ಥವಾಗದೆ ಮುಖದಲ್ಲೇ ಉಳಿದಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ. ಕಲ್ಲುಕಂಬದ ಮೇಲಿದ್ದ ಲೋಟ ಅವನ ಮೊಣಕೈ ತಗುಲಿ ಬಿದ್ದು ಉರುಳಿತು. ಅದು ದಿನವೂ ಅಲ್ಲಿರುವ ಲೋಟವಲ್ಲ, ಅಮ್ಮ ಜಾಗ ನೋಡಿ ಇಟ್ಟದ್ದೂ ಅಲ್ಲ. ಅಪ್ಪ ಸದ್ದು ಬಂದ ಕಡೆಗೆ ಕೈ ಚಾಚಿ, ಗಾಳಿಯಲ್ಲಿ ತಡಕಿ, ಹಿಂದಕ್ಕೆ ಎಳೆದುಕೊಂಡ. ಮೇಡಂ ಗಂಡ ಎತ್ತಿದ್ದ ಕೈಗಳನ್ನು ಮೆಲ್ಲಗೆ ಇಳಿಸಿದರು.

"ನಾನು ಹಾಕಿದ್ದು ಹಿಡಿದಿಲ್ವಾ?" ಎಂದ ಅಪ್ಪ. ದನಿ ಈಗ ಬಹಳ ಸಣ್ಣದಾಗಿತ್ತು, ಅವಳ ದನಿಯ ಹಾಗೆ. "ಯಾಕೆ ಹಿಡಿದಿಲ್ಲ?"

ಅವಳು ಹತ್ತಿರ ಹೋದಳು. ಅವನು ನೋಡುತ್ತಿದ್ದ ಕಡೆಗೆ ಸರಿದು, ಅವನ ಕಣ್ಣ ಅಂಚಿಗೆ ಬರುವಂತೆ ನಿಂತು, ಸುಟ್ಟ ಎಡಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಂಗೆ ಕಣ್ಣು ಕಾಣಲ್ಲಪ್ಪ."